ಕಿವಿಯಿಲ್ಲದ ಕಪ್ಪುಗಳು

ಬಂದರಿನ ಪುತ್ತಬ್ಬನಿಗೆ ನಲವತ್ತು ಕಪ್ಪು ಬೇಕು,
ಸುಲೈಮಾನಿಗೆ. ಕಿವಿ ಬೇಡ ಎಂದಿದ್ದಾನೆ.
ಕಿವಿ ಇದ್ದರೆ ಹುಡುಗರು ಬೆರಳಿಗೊಂದು ಸಿಕ್ಕಿಸಿಕೊಂಡು
ತೊಳೆಯುವ ಬಾಲ್ದಿಗೆ ಓಡುತ್ತಾರೆ,
ಸಂಜೆಗೆ ಬರೀ ಕಿವಿಗಳು ಉಳಿಯುತ್ತವೆ, ಅಕ್ಕಾ.

ಮಣ್ಣು ಗುರುಪುರ ಹೊಳೆಯ ಆಚೆ ದಡದ್ದು.
ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಅದನ್ನು ಕೇಳುವವರಿಲ್ಲ.
ನೆನೆಸಿ, ಹಳೇ ಲುಂಗಿಯಲ್ಲಿ ಸೋಸಿ,
ಗಂಟು ಕಟ್ಟಿ ತೂಗಿಹಾಕಿದರೆ ಮೂರು ವಾರ;
ಆಟಿ ತಿಂಗಳಾದರೆ ಐದೂ ಸಾಲದು.

ಕೆಂಪು ಮಣ್ಣಿಗೆ ಸಿಟ್ಟು ಬೇಗ.
ಮೊದಲ ವರ್ಷ ಭಟ್ಟಿಯ ಬಾಗಿಲು ತೆರೆದರೆ
ಕೊನೇ ಬಸ್ಸಿನ ಕೂಲಿಯವರ ಹಾಗೆ
ಒಂದರ ಹೆಗಲಿಗೊಂದು ತಲೆಯಿಟ್ಟು ಕುಸಿದಿದ್ದವು.
ಉಳಿ ಹಚ್ಚಿ ಎಬ್ಬಿಸಿದೆ.

ಗ್ಲೇಜಿಗೆ ಮರುವಾಯಿ ಚಿಪ್ಪು ಸುಟ್ಟ ಹುಡಿ,
ಬೇಕರಿಯ ಒಲೆಯಿಂದ ಗೇರುಕಟ್ಟಿಗೆಯ ಬೂದಿ,
ಅಂಗಡಿಯಿಂದ ತಂದ ಗಾಜಿನ ಹುಡಿ,
ಒಂದು ಹಿಡಿ ಅದೇ ಮಣ್ಣು.
ಹಾಲಿನ ಕೆನೆಯಷ್ಟು ದಪ್ಪ ಇರಲಿ ಅಂತ ಕಲಿಸಿದವರು ಹೇಳಿದ್ದರು.
ನನ್ನ ಲೆಕ್ಕ ನೀರುದೋಸೆಯ ಹಿಟ್ಟಿಗಿಂತ ಒಂದು ಚೂರು ಮಂದ:
ಬೆರಳದ್ದಿ ಎತ್ತಿದರೆ ಉಗುರಿನ ಬಣ್ಣ ಮುಚ್ಚಬೇಕು,
ಗೆಣ್ಣಿನ ಗೆರೆ ಕಾಣಬೇಕು.

ಅಡಿಯನ್ನು ಮೂರು ಬೆರಳಲ್ಲಿ ಹಿಡಿದು
ತಲೆಕೆಳಗೆ ಅದ್ದಿ, ಒಂದು, ಎರಡು, ಮೂರು,
ಎತ್ತಿ ಕೊಡವುತ್ತೇನೆ.
ಆಗ ಬರೀ ಬೂದು, ಧೂಳು ಮೆತ್ತಿದ ಬಸ್ಸಿನ ಗಾಜು.
ಬೆಂದ ಮೇಲೆ ಓಲೆಬೆಲ್ಲ, ಅದೃಷ್ಟವಿದ್ದರೆ
ಅಂಚಿನಲ್ಲಿ ಒಣಗಿದ ಪುನರ್ಪುಳಿ ಸಿಪ್ಪೆಯ ಕಪ್ಪು.
ನಾನು ಹಿಡಿದಲ್ಲಿ ಮಾತ್ರ ಬಣ್ಣ ಹತ್ತುವುದಿಲ್ಲ,
ಮೂರು ಬೋಳು ಗುರುತು.
ಮೊದಲೆಲ್ಲ ಕುಂಚದಿಂದ ಮುಚ್ಚುತ್ತಿದ್ದೆ.

ಭಟ್ಟಿ ತೆರೆಯುವ ದಿನ ಜೆಪ್ಪುವಿನಿಂದ
ಅಪೊಲಿನ್ ಬಾಯಿ ಬರುತ್ತಾಳೆ, ಕರೆಯದೆ.
ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಹಂಚು ಬಡಿದವಳು:
ನಡುಬೆರಳ ಗೆಣ್ಣಿನಿಂದ ಒಂದೇ ಏಟು,
ಟಣ್ ಅಂದರೆ ಒಂದನೇ ದರ್ಜೆ,
ಟಕ್ ಅಂದರೆ ಎರಡನೇದು,
ಏನೂ ಅನ್ನದಿದ್ದರೆ ಹೊಂಡಕ್ಕೆ.
ಈಗ ಅವಳ ಕಿವಿ ಎರಡೂ ಹೋಗಿವೆ.
ಮೊಮ್ಮಗಳು ತಂದ ಮೆಷಿನ್ನು ಕಬಾಟಿನಲ್ಲಿದೆ, ಹತ್ತಿಯಲ್ಲಿ ಸುತ್ತಿ.
ಹಾಕಿಕೊಂಡರೆ ಬೇಡದ್ದೇ ಜಾಸ್ತಿ ಕೇಳುತ್ತದಂತೆ.

ಬಾಗಿಲು ಸರಿಸಿದೆ. ಗಾಳಿ ತಾಗಿ ಕಪ್ಪುಗಳು
ಚಿಣ್, ಚಿಣ್, ಅಲ್ಲೊಂದು ಇಲ್ಲೊಂದು
ತಣಿಯುತ್ತ ಮಾತಾಡತೊಡಗಿದವು.
ಅವಳು ನನ್ನ ಮುಖ ನೋಡಿಯೇ
ಶುರುವಾಯಿತಾ ಎಂದಳು.

ಚಾಪೆಯ ಮೇಲೆ ಕಾಲು ಚಾಚಿ, ಒಂದೊಂದೇ ಬಡಿದಳು.
ಮೂರನ್ನು ಎಡಕ್ಕಿಟ್ಟಳು.
ನಾನು ಎತ್ತಿ ತಟ್ಟಿದೆ. ಟಣ್.
ಮತ್ತೆ ತಟ್ಟಿದೆ. ಟಣ್ಣೇ.
ಚಂದ ಉಂಟಲ್ಲ ಎಂದು ಕೈಸನ್ನೆ ಮಾಡಿದೆ.
ನಿನಗೆ ಕೇಳುತ್ತದಲ್ಲ,
ಅದಕ್ಕೇ ಗೊತ್ತಾಗುವುದಿಲ್ಲ, ಎಂದಳು.

ನೀರು ತುಂಬಿಸಿ ಇಟ್ಟೆವು.
ಮಧ್ಯಾಹ್ನದ ಹೊತ್ತಿಗೆ ಮೂರರ ಬುಡದಲ್ಲೂ
ಸಿಮೆಂಟು ನೆಲ ಒದ್ದೆಯಾಗಿತ್ತು.

ಅವನ್ನು ಒಡೆಯಲು ಹೋದೆ. ಒಂದನ್ನು ಕಿತ್ತುಕೊಂಡಳು.
ನಮ್ಮ ಮನೆಯ ಮಾಡಿಗೆ ಪೂರಾ ಎರಡನೇ ದರ್ಜೆ,
ಸಂಬಳದಲ್ಲಿ ಹಿಡಿದುಕೊಂಡು ಕೊಟ್ಟದ್ದು.
ನಲವತ್ತು ಮಳೆಗಾಲ ಹೋಯಿತು,
ಎರಡು ಕಡೆ ಸೋರುತ್ತದೆ.
ಎಲ್ಲಿ ಎಂದು ಗೊತ್ತುಂಟು,
ಅಲ್ಲಿ ಮಲಗುವುದಿಲ್ಲ.

ಚಾ ಹಾಕಿಕೊಟ್ಟೆ.
ನನ್ನ ಮೂರು ಬೋಳು ಗುರುತಿನ ಮೇಲೆ
ಅವಳ ಬೆರಳು ಕೂರಲಿಲ್ಲ, ಕೈ ಸಣ್ಣದು;
ನಡುವೆ ಎಲ್ಲೋ ಹಿಡಿದು
ಸೋರುವ ಮೊದಲು ಕುಡಿದು ಮುಗಿಸುವ ಅವಸರದಲ್ಲಿ
ನಾಲಿಗೆ ಸುಟ್ಟುಕೊಂಡು ನಕ್ಕಳು.

ಕಪ್ಪು ಇಟ್ಟದ್ದು ಲೆಕ್ಕದ ಪುಸ್ತಕದ ಮೇಲೆ.
ಪುತ್ತಬ್ಬ, ನಲವತ್ತು, ಎಂದು ಬರೆದಲ್ಲಿ
ಒಂದು ಒದ್ದೆ ಬಳೆ.
ಶಾಯಿ ಸ್ವಲ್ಪ ಹರಡಿ, ನಿಂತಿದೆ.